ಕೊಡದ ಹತ್ತು ನಿಮಿಷ

"ತೊಂಬತ್ತನೇ ನಿಮಿಷಕ್ಕ ನೀ ಒದರಬೇಕು. ನಾ ಇನ್ನ ಹತ್ತು ನಿಮಿಷ ಕೇಳ್ತೇನಿ. ಕೊಡಬ್ಯಾಡ."

ಸರ್ ಇದನ್ನು ಹೇಳಿದಾಗ ಕೈ ತೊಳೆಯುತ್ತಿದ್ದರು. ನಲ್ಲಿ ಒಣಗಿ ಎರಡು ತಿಂಗಳಾಗಿತ್ತು. ಕಾಯಿಸಿ ಆರಿಸಿದ ನೀರನ್ನು ಆಯಾ ತಂಬಿಗೆಯಲ್ಲಿ ತೋಡಿ ಅವರ ಮೊಣಕೈಯಿಂದ ಕೆಳಕ್ಕೆ ಹೊಯ್ಯುತ್ತಿದ್ದಳು.

"ಬೈದ್ರ ಸುದ್ದಾ ಕೊಡಬಾರದೇನ್ರಿ ಸರ್?" ಎಂದು ಕೇಳಿದೆ.

"ಬೈದ್ರಂತೂ ಕೊಡ್ಲೇಬ್ಯಾಡ. ಬೈಲಾಕತ್ತೇನಿ ಅಂದ್ರ ನನ್ನ ತಲಿ ಜಾಗಾದಾಗ ಇಲ್ಲಂತ ತಿಳಿ."

ಆ ಮಾತನ್ನು ನನ್ನ ಡೈರಿಯ ಅಂದಿನ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ನಮ್ಮ ಎರಡನೆಯ ಕೇಸು ಮುಗಿದ ಮರುದಿನ ಅದು.

ನಾನು ಬೀದರಿನ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು, ಭಾಲ್ಕಿಯಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತೇನೆ. ಸರ್ ರಕ್ತನಾಳದ ಸರ್ಜನ್, ಔರಾದ ತಾಲೂಕಿನವರೇ, ಕೆಲಸ ಹೈದರಾಬಾದಿನಲ್ಲಿ. ಆ ವರ್ಷದ ಜುಲೈಯಿಂದ ಪ್ರತಿ ತಿಂಗಳ ಎರಡನೆಯ ಶನಿವಾರ ಎರಡು ಉಕ್ಕಿನ ಪೆಟ್ಟಿಗೆ ಹೊತ್ತುಕೊಂಡು ನಮ್ಮಲ್ಲಿಗೆ ಬರತೊಡಗಿದ್ದರು. ಹೊಟ್ಟೆಯೊಳಗೆ ಬೆನ್ನೆಲುಬಿಗೆ ಆತುಕೊಂಡು ಇಳಿಯುವ ದೊಡ್ಡ ರಕ್ತನಾಳ ಹೊಕ್ಕುಳಿನ ಹತ್ತಿರ ಎರಡಾಗಿ ಒಡೆದು ಎರಡು ಕಾಲಿಗೆ ಹೋಗುತ್ತದೆ. ಬೀಡಿ ಸೇದುವ ಕೆಲವರಲ್ಲಿ ಆ ಕವಲೇ ಕಟ್ಟಿಕೊಳ್ಳುತ್ತದೆ. ಆಗ ಚಡ್ಡಿಯ ಆಕಾರದ ಬಟ್ಟೆಯ ನಳಿಗೆಯೊಂದನ್ನು ತಂದು, ಸೊಂಟದ ಭಾಗವನ್ನು ಮೇಲಿನ ನಾಳಕ್ಕೂ ಎರಡು ಕಾಲುಗಳನ್ನು ತೊಡೆಸಂದಿಯ ನಾಳಗಳಿಗೂ ಹೊಲಿಯಬೇಕು. ರಕ್ತ ಕಟ್ಟಿದ ಜಾಗವನ್ನು ಬಿಟ್ಟು ಬಳಸುದಾರಿಯಲ್ಲಿ ಹರಿಯುತ್ತದೆ. ಇದನ್ನು ಎದೆಗೂಡಿನ ಕೆಳಗಿನಿಂದ ಹೊಕ್ಕುಳ ದಾಟುವವರೆಗೆ ಹೊಟ್ಟೆ ತೆರೆದು ಮಾಡುವುದು ಹಳೆಯ ಪದ್ಧತಿ. ಸರ್ ಕಲಿತು ಬಂದದ್ದು ಬೆರಳು ಹೋಗುವಷ್ಟು ಆರು ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವುದನ್ನು. ನಮ್ಮ ಕಡೆ ಅದಕ್ಕೆ ದುರ್ಬೀನು ಆಪರೇಷನ್ ಎನ್ನುತ್ತಾರೆ.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಜನ ಕಬ್ಬು ಕಡಿಯಲು, ಇಟ್ಟಂಗಿ ಭಟ್ಟಿಗೆ, ಹೈದರಾಬಾದಿನ ಕಟ್ಟಡಗಳಿಗೆ ಹೊರಟಿದ್ದರು. ಬಂದ ರೋಗಿಗಳೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಎಷ್ಟು ದಿನಕ್ಕೆ ಏಳಬಹುದು? ದುರ್ಬೀನಾದರೆ ಮೂರು ವಾರ, ತೆರೆದರೆ ಮೂರು ತಿಂಗಳು. ಮೂರು ತಿಂಗಳು ಎಂದರೆ ಆ ವರ್ಷದ ಹಂಗಾಮೇ ಹೋದಂತೆ. ಹೀಗಾಗಿ ತೂತು ಎಂಬ ಮಾತಿಗೆ ನಮ್ಮ ವಾರ್ಡಿನಲ್ಲಿ ದೊಡ್ಡ ಬೆಲೆ ಇತ್ತು.

ನನ್ನ ಕೆಲಸ ಕೈಗೆ ಸಲಕರಣೆ ಕೊಡುವುದಲ್ಲ, ಸುತ್ತ ಓಡಾಡುವುದು. ಬೇಕಾದ್ದನ್ನು ತೆರೆದು ಕೊಡುವುದು, ಒಳಗೆ ಹೋದ ಬಟ್ಟೆಗಳ ಎಣಿಕೆ ಇಡುವುದು, ಗಡಿಯಾರ ನೋಡಿ ಹೊತ್ತು ಬರೆಯುವುದು. ನನಗೆ ಬರೆಯುವ ಹುಚ್ಚು ಇದ್ದದ್ದರಿಂದ ಥಿಯೇಟರಿನ ಗೋಡೆಗೆ ಒಂದು ತಖ್ತೆಯನ್ನೂ ಅಂಟಿಸಿದ್ದೆ. ಎರಡೇ ಸಾಲು: 'ಯಶಸ್ವಿ', 'ತೆರೆದದ್ದು'. ಮೊದಲನೆಯದಕ್ಕೆ ನೀಲಿ ಚುಕ್ಕೆ, ಎರಡನೆಯದಕ್ಕೆ ಕೆಂಪು.

ಮೊದಲ ಕೇಸು ನೀಲಿ. ಐದು ಗಂಟೆ ನಲವತ್ತು ನಿಮಿಷ. ಪರದೆಯ ಮೇಲೆ ನಾಳ ಮೊದಲ ಸಲ ಮಿಡಿಯುತ್ತ ಕಂಡಾಗ ನಾವು ಐದೂ ಜನ ಉಸಿರು ಬಿಗಿಹಿಡಿದಿದ್ದೆವು. ಎರಡನೆಯ ಕೇಸಿನಲ್ಲಿ ಒಂದೂವರೆ ಗಂಟೆಯಾದರೂ ನಾಳ ಪೂರ್ತಿ ಬಿಡಿಸಿರಲಿಲ್ಲ. ಸರ್ ಹತ್ತು ನಿಮಿಷ ಎಂದರು. ನಾನು ಹೂಂ ಎಂದು ತಲೆಯಾಡಿಸಿದೆ. ಮತ್ತೆ ಹತ್ತು ಎಂದರು. ನೂರಾ ಹನ್ನೆರಡನೆಯ ನಿಮಿಷಕ್ಕೆ ಹಿಂಬದಿಯ ಸಣ್ಣ ನಾಳ ಹರಿದು ಕ್ಯಾಮೆರಾ ಕೆಂಪಾಯಿತು. ಹೊಟ್ಟೆ ತೆರೆಯುವ ದೊಡ್ಡ ಸೆಟ್ ಪಕ್ಕದ ಕೋಣೆಯ ಕಪಾಟಿನಲ್ಲಿತ್ತು, ಹೊಟ್ಟೆಯನ್ನು ಅಗಲಿಸಿ ಹಿಡಿಯುವ ಸಲಕರಣೆಯ ಹಿಡಿಕೆ ಇನ್ನೊಂದು ಪೆಟ್ಟಿಗೆಯಲ್ಲಿತ್ತು. ಎಲ್ಲ ಕೂಡಿಸಿ ಕೈಗೆ ಕೊಡಲು ಹನ್ನೊಂದು ನಿಮಿಷ ಹಿಡಿಯಿತು. ರೋಗಿ ಉಳಿದರು, ಆದರೆ ಐಸಿಯುವಿನಲ್ಲಿ ಒಂಬತ್ತು ದಿನ ಕಳೆದರು. ಮರುದಿನ ಕೈ ತೊಳೆಯುತ್ತ ಸರ್ ಆ ನಿಯಮ ಮಾಡಿದ್ದು ಅದಕ್ಕೇ: ಮೊದಲ ತೂತಿನಿಂದ ತೊಂಬತ್ತು ನಿಮಿಷಕ್ಕೆ ನಾಳ ಬಿಡಿಸಿರದಿದ್ದರೆ ಹೊಟ್ಟೆ ತೆರೆಯುವುದು. ಮೂರನೆಯದು ಮತ್ತೆ ನೀಲಿ, ಎಂಬತ್ತೊಂದನೆಯ ನಿಮಿಷಕ್ಕೇ ನಾಳ ಬಿಡಿಸಿಯಾಗಿತ್ತು. ಹಾಗಾಗಿ ನಿಯಮಕ್ಕೆ ಇನ್ನೂ ಪರೀಕ್ಷೆ ಬಂದಿರಲಿಲ್ಲ.

ನಾಲ್ಕನೆಯವರು ಕುರಿ ಕಾಕಾ. ಅಕ್ಟೋಬರಿನ ಎರಡನೆಯ ಶನಿವಾರಕ್ಕೆ ಎರಡು ದಿನ ಮುಂಚೆ, ಗುರುವಾರ, ಔರಾದ ತಾಲೂಕಿನ ಡಾಬಕಾ ಕಡೆಯಿಂದ ಹೆಂಡತಿಯ ಜೊತೆ ಬಂದು ದಾಖಲಾದರು. ಐವತ್ತೆರಡು ವರ್ಷ, ಹೆಗಲ ಮೇಲೆ ಕಂಬಳಿ, ಎಡಗಾಲಿನ ಹೆಬ್ಬೆರಳಲ್ಲಿ ಎರಡು ತಿಂಗಳಿಂದ ಮಾಯದ ಹುಣ್ಣು. ಅರವತ್ತು ಹೆಜ್ಜೆಯ ವರಾಂಡದಲ್ಲಿ ನಡೆಸಿ ನೋಡುವುದು ನನ್ನ ಪಾಲಿನ ಕೆಲಸ. ನಲವತ್ತಾರನೆಯ ಹೆಜ್ಜೆಗೆ ಅವರು ನಿಂತರು. ನೋವೆಂದು ಹೇಳದೆ ಕಿಟಕಿಯಾಚೆ ಏನನ್ನೋ ನೋಡುವವರಂತೆ ನಿಂತು ಕಂಬಳಿ ಸರಿಪಡಿಸಿಕೊಂಡರು.

"ಕಾಲು ಹಿಡೀತೇನ್ರಿ ಕಾಕಾ?"

"ಕಾಲ್ಯಾಕ ಹಿಡೀತದ? ಕಂಬಳಿ ಜಾರಿತ್ತು."

ಹಿಂದಿನಿಂದ ಅವರ ಹೆಂಡತಿ, ಕಾಕು, ನಕ್ಕುಬಿಟ್ಟರು. "ಊರಾಗೂ ಹಂಗೇ. ನೂರು ಹೆಜ್ಜಿಗೊಮ್ಮಿ ಕಂಬಳಿ ಜಾರ್ತದ ಇವರದು. ಆ ದಾರ ತೋರಸ್ರಿ ಆಕಿಗಿ."

ಕಾಕಾ ಸಂಕೋಚದಿಂದ ಸೊಂಟದ ಚೀಲದಿಂದ ಒಂದು ಕರಿ ಉಣ್ಣೆಯ ದಾರ ತೆಗೆದರು. ಮನೆಯಿಂದ ಡಾಬಕಾ ಬಸ್ ಸ್ಟ್ಯಾಂಡಿಗೆ ಹೋಗುವಾಗ ನಿಂತಲ್ಲೆಲ್ಲ ಒಂದು ಗಂಟು. ಏಳು ಗಂಟುಗಳಿದ್ದವು. ಮಂದೆಯಿಂದ ಅಗಲಿದ ಕುರಿಗಳ ಲೆಕ್ಕವನ್ನೂ ಅವರು ಹೀಗೇ ಇಡುತ್ತಾರಂತೆ. ನನಗಿಂತ ಅಚ್ಚುಕಟ್ಟಾಗಿ ಲೆಕ್ಕ ಇಡುವ ಮನುಷ್ಯನನ್ನು ನಾನು ಮೊದಲ ಸಲ ಕಂಡೆ. ಖುಷಿಯಿಂದ ದಾರವನ್ನು ಕೈಗೆ ತೆಗೆದುಕೊಂಡು ಡೈರಿಯಲ್ಲಿ ಅದರ ಚಿತ್ರ ಬರೆದುಕೊಂಡೆ.

ಮುಖ್ಯವಾದ ಮಾತು ಆಮೇಲೆ ಬಂತು. ಮೇವು ನೀರಿಲ್ಲದ ಕಾರಣ ಅವರ ಕಡೆಯ ಕುರಿಗಾರರು ಆ ಸಲ ಬೇಗನೆ, ದೀಪಾವಳಿ ಮುಗಿದ ಕೂಡಲೇ, ಗಡಿ ದಾಟಿ ಗೋದಾವರಿ ಕಡೆಗೆ ಹೊರಡುವವರಿದ್ದರು. ಕಾಕಾರ ಮಂದೆಯಲ್ಲಿ ಎಂಬತ್ತು ಕುರಿ. ದಾರಿ ಗೊತ್ತಿರುವುದು, ಎಲ್ಲಿ ಯಾವ ಹೊಲದವರು ಇಳಿಯಲು ಬಿಡುತ್ತಾರೆ ಎನ್ನುವುದು ತಿಳಿದಿರುವುದು ಅವರಿಗೆ. ದೀಪಾವಳಿಗೆ ಮೂರು ವಾರ, ಮೇಲೆ ನಾಲ್ಕು ದಿನ ಉಳಿದಿತ್ತು.

"ತೂತಿನ ಆಪರೇಷನ್ ಆದ್ರ ನಡೀಲಾಕ ಬರ್ತದಲ್ಲಮ್ಮ?" ಎಂದರು ಕಾಕಾ.

"ಸರ್ ಮೂರು ವಾರ ಅಂದಾರ್ರಿ."

"ಆಯ್ತು ಹಂಗಾರ. ಕುರಿಗಿ ಹೇಳಿ ಬಂದೇನಿ, ನಿಲ್ರಿ, ಬರ್ತೇನಿ ಅಂತ."

ನಾನು ಫಾರ್ಮು ತುಂಬತೊಡಗಿದೆ. ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ ದಿನಕ್ಕೆ ಎಷ್ಟು. ಆಮೇಲೆ ಅಚ್ಚಾದ ಪ್ರಶ್ನೆಯನ್ನೇ ಬಾಯಿಮಾತಿನಲ್ಲಿ ಕೇಳಿದೆ: "ಈ ಮೊದಲ ಯಾವುದರೆ ದವಾಖಾನ್ಯಾಗ ಆಪರೇಷನ್ ಆಗ್ಯಾದೇನ್ರಿ?"

"ಇಲ್ಲ. ದವಾಖಾನಿ ಮೆಟ್ಟಲಾನೇ ಹತ್ತಿಲ್ಲ ನಾ."

'ಇಲ್ಲ' ಎಂದು ಬರೆದೆ. ಎಡ ಹೊಟ್ಟೆಯ ಮೇಲೆ ಸುಟ್ಟ ಗುರುತುಗಳಿದ್ದವು, ಉದ್ದಕ್ಕೆ ಒಂದರ ಪಕ್ಕ ಒಂದು. ಬರೆ ಹಾಕಿಸಿಕೊಂಡದ್ದೇ ಎಂದು ಕೇಳಿದೆ. ಹೌದು, ಸಣ್ಣವನಿದ್ದಾಗ ಅಪ್ಪ ಕೊಟ್ಟ ಬರೆ ಎಂದರು. ನಮ್ಮ ಭಾಗದಲ್ಲಿ ಅಂಥ ಹೊಟ್ಟೆಗಳನ್ನು ವಾರಕ್ಕೆ ನಾಲ್ಕಾದರೂ ನೋಡುತ್ತೇವೆ. ನಾನು ಪುಟ ತಿರುವಿದೆ.

ಶುಕ್ರವಾರ ಹಿರಿಯ ಸಿಸ್ಟರ್ ಜೊತೆ ನನ್ನ ಜಗಳ. ನಾನು ದುರ್ಬೀನಿನ ಸೆಟ್ ಜೊತೆಗೆ ದೊಡ್ಡ ಸೆಟ್ಟನ್ನೂ ಆಟೋಕ್ಲೇವಿನ ಬಿಸಿ ಹಬೆಗೆ ಹಾಕಿ, ಥಿಯೇಟರಿನೊಳಗೇ ಟ್ರಾಲಿಯ ಮೇಲೆ ಇಡಲು ಹೊರಟಿದ್ದೆ.

"ಎರಡೆರಡು ಸೆಟ್ ಯಾಕ ಬೇಕು ನಿನಗ? ಹೋದ ತಿಂಗಳ ಬೇಕಾಗಿತ್ತೇನು?" ಎಂದರು.

"ಅದರ ಹಿಂದಿನ ತಿಂಗಳ ಬೇಕಾಗಿತ್ತಲ್ರಿ ಸಿಸ್ಟರ್."

"ಬಿಚ್ಚಿದ್ರ ಮೂವತ್ತು ಬಟ್ಟಿ ಒಗೀಬೇಕು. ಟ್ಯಾಂಕರ್ ಎರಡು ದಿನಕ್ಕೊಮ್ಮಿ ಬರ್ತದ. ನೀರು ಭಾಲ್ಕಿಯಿಂದ ನೀ ರೈಲಿನಾಗ ಹೊತ್ತು ತರ್ತೀಯೇನು?"

ಅವರ ಮಾತು ಸುಳ್ಳಾಗಿರಲಿಲ್ಲ. ಹೆರಿಗೆ ವಾರ್ಡಿಗೇ ಕೊಡಗಳಲ್ಲಿ ಅಳೆದು ನೀರು ಕೊಡುತ್ತಿದ್ದ ದಿನಗಳವು. ಕೊನೆಗೆ ಒಪ್ಪಂದವಾಯಿತು: ಸೆಟ್ ಟ್ರಾಲಿಯ ಮೇಲೆ ಇರಲಿ, ಬಿಚ್ಚದಿದ್ದರೆ ಸೋಮವಾರದ ಬೇರೆ ಆಪರೇಷನ್ನಿಗೆ ಬಳಸುವುದು. ಪಟ್ಟಿ ಹಿಡಿದು ಒಂದೊಂದೇ ಸಲಕರಣೆ ಎಣಿಸಿ ಕಟ್ಟಿದೆ. ಹಿಡಿಕೆಯನ್ನು ಎರಡು ಸಲ ನೋಡಿದೆ.

ಶನಿವಾರ. ಎಂಟೂ ಕಾಲಿಗೆ ಅರಿವಳಿಕೆ. ಅರಿವಳಿಕೆಯ ಮೇಡಂ ಬೀದರಿನವರು, ಸರ್‌ಗಿಂತ ಹಿರಿಯರು. ರೋಗಿ ನಿದ್ದೆಗೆ ಜಾರುವ ಮುಂಚೆ ಪ್ರತಿಯೊಬ್ಬರಿಗೂ ಅಂಕಿ ಎಣಿಸಲು ಹೇಳುತ್ತಾರೆ. ಕಾಕಾ ಕುರಿ ಎಣಿಸುತ್ತೇನೆ ಎಂದರು. ಹನ್ನೊಂದಕ್ಕೆ ನಿಂತರು.

ಮೊದಲು ಎರಡೂ ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ ಕಾಲಿನ ನಾಳಗಳನ್ನು ಬಿಡಿಸಿಟ್ಟರು. ಒಂಬತ್ತು ಹತ್ತಕ್ಕೆ ಹೊಟ್ಟೆಗೆ ಮೊದಲ ತೂತು. ನಾನು ಬೋರ್ಡಿನ ಮೇಲೆ 9.10 ಎಂದು ಬರೆದು ಪಕ್ಕದಲ್ಲಿ 10.40 ಎಂದು ಬರೆದೆ. ಗಾಳಿ ತುಂಬಿ ಹೊಟ್ಟೆ ಉಬ್ಬಿತು, ಕ್ಯಾಮೆರಾ ಒಳಗಿಳಿಯಿತು, ನಾವೆಲ್ಲ ಪರದೆಯ ಕಡೆ ತಿರುಗಿದೆವು.

ಎಡಬದಿಯಲ್ಲಿ ಹೊಟ್ಟೆಯ ಒಳಗೋಡೆಗೇ ತೆರೆ ಕಟ್ಟಿದಂತೆ ಕರುಳು ಅಂಟಿಕೊಂಡಿತ್ತು.

ಸರ್ ಕತ್ತರಿ ತೆಗೆದುಕೊಂಡು ಒಂದೊಂದೇ ಎಳೆ ಬಿಡಿಸತೊಡಗಿದರು. ತೆಳುವಾದ ಎಳೆ ಎಂದರೆ ಜೇಡರ ಬಲೆಯಷ್ಟು, ದಪ್ಪವೆಂದರೆ ಚರ್ಮದಷ್ಟು. ಕರುಳಿಗೆ ತಾಗಿದರೆ ಮುಗಿಯಿತು. ಕರುಳಿನ ಹೊಲಸು ಹೊಸ ನಳಿಗೆಗೆ ಸೋಂಕು ತಂದರೆ ಕಾಲು ಮಾತ್ರವಲ್ಲ, ಜೀವವೇ ಹೋಗುತ್ತದೆ. ನಲವತ್ತನೆಯ ನಿಮಿಷಕ್ಕೆ ಸರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಈ ಮನಷ್ಯಾಗ ಆಪರೇಷನ್ ಆಗಿಲ್ಲಂತ ಯಾರು ಬರ್ದಾರ?"

"ನಾನ್ರೀ ಸರ್."

"ಈ ಹೊಟ್ಟಿ ಹಿಂದ ಒಮ್ಮಿ ತೆರ್ದಾರ. ಹೊರಗ ಹೋಗಿ ಆಕಿಗಿ ಕೇಳಿ ಬಾ. ಓಡು."

ಓಡಿದೆ. ಕಾಕು ವರಾಂಡದ ಕಟ್ಟೆಯ ಮೇಲೆ ಕಂಬಳಿ ಮಡಚಿ ಇಟ್ಟುಕೊಂಡು ಕೂತಿದ್ದರು. ನನ್ನ ಮುಖ ನೋಡಿ ಎದ್ದು ನಿಂತರು.

"ಜೀವಕ್ಕೇನೂ ಆಗಿಲ್ರಿ ಕಾಕು. ಒಂದು ಮಾತು ಹೇಳ್ರಿ, ಕಾಕಾನ ಹೊಟ್ಟಿಗಿ ಯಾವಾಗಾರೆ ಪೆಟ್ಟು ಬಿದ್ದಿತ್ತೇನು?"

"ಎತ್ತು ತಿವಿದಿತ್ತಲ್ಲ! ಲಗ್ನಕ್ಕಿಂತ ಮೊದಲ. ಕರುಳು ಹೊರಗ ಬಂದಿತ್ತಂತ. ಇವರ ಅಪ್ಪ ತಲಿಗಿ ಸುತ್ತಿದ ಪಟಗಾದಾಗ ಹಿಡ್ಕೊಂಡಿದ್ರು."

"ಯಾವ ದವಾಖಾನಿಗಿ ಒಯ್ದಿದ್ರಿ?"

"ದವಾಖಾನಿಗಿ ಎಲ್ಲಿ ಒಯ್ತಾರ? ಕುರಿಗಿ ಸೂಜಿ ಹಾಕ್ಲಾಕ ಬಂದಿದ್ದ ದನದ ಕಂಪೌಂಡರ್ ಹೊಲದಾಗೇ ಇದ್ದ. ಅವನೇ ತೊಳದು ಒಳಗ ಹಾಕಿ ಹೊಲ್ದ. ಮ್ಯಾಲ ಬರಿ ಕೊಟ್ರು, ಮಾಯ್ಲಿ ಅಂತ."

ಒಳಗೆ ಹೋಗಿ ಹೇಳಿದೆ: "ಸರ್, ಎತ್ತು ತಿವಿದದರಿ. ಕರುಳು ಹೊರಗ ಬಂದಿತ್ತಂತ. ದನದ ಕಂಪೌಂಡರ್ ಹೊಲದಾಗ ಹೊಲಿಗಿ ಹಾಕ್ಯಾರ."

ಮೇಡಂ, "ಛಲೋ ಹೊಲ್ದಾನ ಮಗಾ," ಎಂದರು. ಸರ್ ನಕ್ಕರೋ ಇಲ್ಲವೋ, ಮುಖವಾಡದಲ್ಲಿ ತಿಳಿಯಲಿಲ್ಲ. ಕತ್ತರಿ ಮಾತ್ರ ಇನ್ನೂ ನಿಧಾನವಾಯಿತು.

ಅರವತ್ತು ಎಂದು ಕೂಗಿದೆ. ಎಪ್ಪತ್ತೈದು ಎಂದು ಕೂಗಿದೆ. ಗೋಡೆಯಿಂದ ಕರುಳು ಬಿಟ್ಟಿತ್ತು, ಪಕ್ಕಕ್ಕೆ ಸರಿದಿತ್ತು. ಎಂಬತ್ತೈದನೆಯ ನಿಮಿಷಕ್ಕೆ ಪರದೆಯ ಅಂಚಿನಲ್ಲಿ ನಾಳ ಕಂಡಿತು. ಎರಡು ಬೆರಳಿನಷ್ಟು, ಬೂದುಬಣ್ಣ, ನಿಧಾನ ಮಿಡಿತ. ಇಷ್ಟು ಹತ್ತಿರ ಬಂದಾಯಿತು, ಇನ್ನೊಂದಿಷ್ಟು ಬಿಡಿಸಿದರೆ ಸಾಕು. ಮೂರನೆಯ ನೀಲಿ ಚುಕ್ಕೆ. ದೀಪಾವಳಿಗೆ ಕಾಕಾ ಕುರಿಗಳ ಮುಂದೆ.

ಗಡಿಯಾರದ ಮುಳ್ಳು ಹತ್ತು ನಲವತ್ತಕ್ಕೆ ಬಂತು. ನಾನು ಕೂಗಲಿಲ್ಲ. ಅರ್ಧ ನಿಮಿಷವಿರಬೇಕು, ಸೆಕೆಂಡಿನ ಮುಳ್ಳು ಹನ್ನೆರಡರಿಂದ ಆರರವರೆಗೆ ಇಳಿಯುವುದನ್ನು ನೋಡುತ್ತ ನಿಂತೆ. ಡೈರಿಯಲ್ಲಿ ಇದನ್ನು ಬರೆದಿಟ್ಟಿದ್ದೇನೆ, ಮುಚ್ಚಿಟ್ಟಿಲ್ಲ.

"ತೊಂಬತ್ತು," ಎಂದೆ.

"ಹತ್ತು ನಿಮಿಷ."

"ಇಲ್ರಿ ಸರ್."

"ಕಾಣ್ಲಾಕತ್ತದಲ್ಲ, ಕಣ್ಣಿಲ್ಲೇನು ನಿನಗ? ಹತ್ತೇ ನಿಮಿಷ ಅಂದೆ."

"ಕೊಡಂಗಿಲ್ರಿ."

ಸರ್ ಮೊದಲ ಸಲ ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದರು. "ನೀ ಯಾರು ಕೊಡ್ಲಾಕ, ಬಿಡ್ಲಾಕ? ಆಪರೇಷನ್ ನೀ ಮಾಡ್ಲಾಕತ್ತೀಯೋ ನಾ ಮಾಡ್ಲಾಕತ್ತೇನೋ?"

"ನೀವೇ ಹೇಳೀರಿ ಸರ್. ಬೈದ್ರಂತೂ ಕೊಡ್ಲೇಬ್ಯಾಡ ಅಂತ. ಬೈಲಾಕತ್ತೀರಿ."

ಮೇಡಂ ತಮ್ಮ ಸ್ಟೂಲಿನಿಂದ ಮೆಲ್ಲಗೆ, "ಹುಡುಗಿ ಖರೇ ಹೇಳ್ತಾಳ, ಡಾಕ್ಟರೇ," ಎಂದರು. ಸರ್ ಎರಡೂ ಕೈಯನ್ನು ಸಲಕರಣೆಗಳಿಂದ ತೆಗೆದು, ಹೆಗಲು ಒಮ್ಮೆ ಎತ್ತಿ ಇಳಿಸಿದರು.

"ಗಾಳಿ ಬಿಡ್ರಿ. ದೀಪ ಹಾಕ್ರಿ. ದೊಡ್ಡ ಸೆಟ್."

ಟ್ರಾಲಿ ನನ್ನ ಕೈಗೆ ತಾಗಿಯೇ ಇತ್ತು. ಗಂಟು ಬಿಚ್ಚಿದೆ, ಬಟ್ಟೆ ಹಾಸಿದೆ, ಹಿಡಿಕೆ ತನ್ನ ಜಾಗದಲ್ಲಿತ್ತು. ಹತ್ತು ನಲವತ್ತನಾಲ್ಕೂವರೆಗೆ ಚರ್ಮದ ಮೇಲೆ ಚಾಕು. ಎರಡನೆಯ ಕೇಸಿನಲ್ಲಿ ಹನ್ನೊಂದು ನಿಮಿಷ, ಈ ಸಲ ನಾಲ್ಕು. ಹೆದರಿಕೆಯ ನಡುವೆಯೂ ಆ ಅಂಕಿಯನ್ನು ಬರೆಯುವಾಗ ಒಳಗೊಳಗೇ ಕುಣಿಯುವಂತಾಯಿತು. ಹಿರಿಯ ಸಿಸ್ಟರ್ ಬಾಗಿಲಲ್ಲಿ ನಿಂತು ನೋಡಿ, ಇನ್ನೊಂದು ಡ್ರಮ್ ನೀರು ಕಾಯಿಸಲು ಹೋದರು.

ಹೊಟ್ಟೆ ತೆರೆದ ಮೇಲೆ ಸರ್ ನನ್ನನ್ನು ಕರೆದರು. "ಬಾ ಇಲ್ಲಿ. ಹೆಗಲ ಮ್ಯಾಲಿಂದ ನೋಡು. ಮುಟ್ಟಬ್ಯಾಡ."

ನಾಳಕ್ಕೆ ಒತ್ತಿಕೊಂಡು ಕರುಳಿನ ಒಂದು ಮಡಿಕೆ ಹಳೆಯ ಗಾಯದ ಅಂಟಿನಲ್ಲಿ ಹುಗಿದುಹೋಗಿತ್ತು. ಕ್ಯಾಮೆರಾಕ್ಕೆ ಅದು ಬರಿಯ ಕೊಬ್ಬಿನಂತೆ ಕಂಡಿತ್ತು.

"ನನ್ನ ಮುಂದಿನ ಕತ್ತರಿ ಇಲ್ಲೇ ಹಾಕ್ತಿದ್ದೆ," ಎಂದರು. ಅಷ್ಟೇ. ಮತ್ತೆ ಕೆಲಸಕ್ಕಿಳಿದರು.

ಆಮೇಲಿನದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಕಣ್ಣು ಒಂದೂವರೆ ಗಂಟೆ ಹುಡುಕಿದ್ದನ್ನು ಸರ್ ಬೆರಳು ಎರಡು ನಿಮಿಷದಲ್ಲಿ ಹುಡುಕಿತು. ನಾಳದ ಮೇಲೆ ತೋರುಬೆರಳು ಓಡಿಸುತ್ತ ಗಟ್ಟಿ, ಗಟ್ಟಿ, ಗಟ್ಟಿ ಎನ್ನುತ್ತ ಹೋದರು. ಸುಣ್ಣ ಕಟ್ಟಿ ತತ್ತಿಯ ಸಿಪ್ಪೆಯಂತಾದ ಜಾಗಗಳವು. ಅಲ್ಲಿ ರಕ್ತ ತಡೆಯುವ ಕ್ಲಾಂಪ್ ಹಾಕಿದರೆ ಒಡೆಯುತ್ತದೆ. ಮೂತ್ರಪಿಂಡದ ನಾಳಗಳ ಕೆಳಗೆ ಒಂದು ಕಡೆ ಬೆರಳು ನಿಂತಿತು. "ಮೆತ್ತಗದ." ಹನ್ನೊಂದು ಇಪ್ಪತ್ತಕ್ಕೆ ರಕ್ತ ಹೆಪ್ಪುಗಟ್ಟದ ಔಷಧಿ. ಹನ್ನೊಂದು ಇಪ್ಪತ್ತನಾಲ್ಕಕ್ಕೆ ಕ್ಲಾಂಪ್. ನಾನು ಐದೈದು ನಿಮಿಷಕ್ಕೊಮ್ಮೆ ಕೂಗುತ್ತ ಹೋದೆ, ಸರ್ ಹೊಲಿಯುತ್ತ ಹೋದರು. ಮೂವತ್ತನಾಲ್ಕು ನಿಮಿಷಕ್ಕೆ ಮೇಲಿನ ಹೊಲಿಗೆ ಮುಗಿಯಿತು. ಕ್ಲಾಂಪನ್ನು ಒಂದಿಷ್ಟು ಸಡಿಲಿಸಿದಾಗ ಬಿಳಿ ನಳಿಗೆ ಒಮ್ಮೆಲೇ ಕೆಂಪೇರಿ ಹೊಡೆದುಕೊಂಡಿತು. ಹೊಲಿಗೆಯಿಂದ ಎರಡು ಹನಿ ಬಂತು, ನಿಂತಿತು.

ಹನ್ನೆರಡು ನಲವತ್ತಕ್ಕೆ ಬಲಗಾಲು, ಒಂದೂ ಕಾಲಿಗೆ ಎಡಗಾಲು. ಒಳಗೆ ಹೋದ ಬಟ್ಟೆ ಇಪ್ಪತ್ತು, ಹೊರಗೆ ಬಂದದ್ದು ಇಪ್ಪತ್ತು. ಎರಡು ಐದಕ್ಕೆ ಹೊಲಿಗೆ ಪೂರ್ತಿ.

ರಕ್ತದ ಸದ್ದು ಕೇಳಿಸುವ ಪೆನ್ನಿನಂಥ ಯಂತ್ರ ನಮ್ಮಲ್ಲಿದೆ. ಶುಕ್ರವಾರ ಅದನ್ನು ಕಾಕಾರ ಎಡ ಪಾದದ ಮೇಲೆ ಇಟ್ಟಾಗ ಬರಿಯ ಗರಗರ. ಈಗ ಸರ್ ಅದನ್ನು ನನ್ನ ಕೈಗೆ ಕೊಟ್ಟು, "ಹುಡುಕು," ಎಂದರು. ಜೆಲ್ ಹಚ್ಚಿ ಇಟ್ಟೆ. ಇಲ್ಲ. ಸ್ವಲ್ಪ ಓರೆ ಮಾಡಿದೆ. ಶ್ಶೂ, ಶ್ಶೂ, ಶ್ಶೂ. ಇಡೀ ಥಿಯೇಟರು ಕೇಳುವಷ್ಟು ಜೋರಾಗಿ. ನಾನು ಕೂಗಿಬಿಟ್ಟೆ. ಏನು ಕೂಗಿದೆ ಎಂಬುದು ನೆನಪಿಲ್ಲ. ಮೇಡಂ ಇಂದಿಗೂ ಅಣಕಿಸುತ್ತಾರೆ.

ಆದರೆ ಹೊರಗೆ ಕಾಕು ಕೂತಿದ್ದರು. ಸರ್ ನನ್ನನ್ನೂ ಕರೆದುಕೊಂಡು ಹೋದರು.

"ಕಾಲು ಉಳಿದಾವ. ಖರೆ, ಸಣ್ಣ ತೂತಿನಾಗ ಆಗ್ಲಿಲ್ಲ. ಹೊಟ್ಟಿ ತೆರೀಬೇಕಾಯ್ತು. ಮೂರು ತಿಂಗಳ ಕುರಿ ಹಿಂದ ಹೋಗಂಗಿಲ್ಲ," ಎಂದರು ಸರ್.

ಕಾಕು ಬಹಳ ಹೊತ್ತು ಮಡಚಿದ ಕಂಬಳಿಯನ್ನು ಮತ್ತೆ ಮಡಚಿದರು. "ನೀವು ತೂತು ಅಂದಿದ್ರಿ," ಎಂದರು.

"ಅಂದಿದ್ದೆವ್ರಿ," ಎಂದೆ ನಾನು. "ಕೇಳೋದ್ರಾಗ ನಾನೇ ತಪ್ಪೀನಿ. ದವಾಖಾನ್ಯಾಗ ಅಂತ ಕೇಳಿದೆ. ಹೊಲದಾಗ ಅಂತ ಕೇಳ್ಲಿಲ್ಲ."

ಅವರು ನನ್ನನ್ನು ಬೈಯಲಿಲ್ಲ. "ನಾ ಹೋಗ್ತೇನಿ ಕುರಿ ಹಿಂದ," ಎಂದರು. "ಮೈದುನನ ಕುರಿ ಮಂದಿ ಜತಿ ಕೂಡಿಸ್ತೇನಿ. ದಾರಿ ಇವರು ಹೇಳ್ಲಿ, ಫೋನಿನಾಗ. ಇವರಿಗಿ ಭಾಲ್ಕ್ಯಾಗ ಮಗಳ ಮನಿ ಅದ."

ಕಾಕಾ ಎಚ್ಚರಾದ ಮೇಲೆ, ಸೋಮವಾರ, ಕೇಳಿದೆ. ಹೊಟ್ಟೆಯ ಉದ್ದಕ್ಕೂ ಪಟ್ಟಿ, ಮೂಗಿನಲ್ಲಿ ನಳಿಗೆ.

"ಎತ್ತು ತಿವಿದಿದ್ದು ಯಾಕ ಹೇಳ್ಲಿಲ್ಲರಿ ಕಾಕಾ?"

"ನೀ ದವಾಖಾನ್ಯಾಗ ಅಂದಿ."

"ಬರಿ ಕೇಳಿದಾಗರೆ ಹೇಳಬಾರದೇನು?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಆ ಕಂಪೌಂಡರ್ ಇನ್ನ ಅದಾನವ್ವ, ಔರಾದದಾಗ. ಪೆನ್ಷನ್ ಬರ್ತದ ಅವಗ. ಮನಷ್ಯಾಗ ಹೊಲಿಗಿ ಹಾಕ್ಯಾನಂತ ನೀ ಬರ್ಕೊಂಡ್ರ, ಸರ್ಕಾರದವರು ಕೇಳ್ಯಾರು. ನನ್ನ ಜೀವಾ ಉಳಿಸಿದಾವ."

ನಾನು ಫಾರ್ಮಿನಲ್ಲಿ 'ಎತ್ತು ತಿವಿದ ಗಾಯ, ಹೊಲಿಗೆ' ಎಂದಷ್ಟೇ ತಿದ್ದಿದೆ. ಹೊಲಿದವರು ಯಾರು ಎಂಬ ಸಾಲು ಫಾರ್ಮಿನಲ್ಲಿ ಇರಲೂ ಇಲ್ಲ. ಆದರೆ ಅಂದಿನಿಂದ ಅಚ್ಚಾದ ಪ್ರಶ್ನೆಯನ್ನು ನಾನು ಕೇಳುವುದಿಲ್ಲ. "ನಿಮ್ಮ ಹೊಟ್ಟಿಗಿ ಯಾರಾದ್ರೂ, ಎಲ್ಲಾದ್ರೂ, ಯಾವಾಗಾದ್ರೂ ಸೂಜಿ ದಾರ ಹಾಕ್ಯಾರೇನ್ರಿ?" ಎನ್ನುತ್ತೇನೆ. ಜನ ನಗುತ್ತಾರೆ. ನಕ್ಕ ಮೇಲೆ ಕೆಲವರು ಯೋಚಿಸುತ್ತಾರೆ.

ಗೋಡೆಯ ತಖ್ತೆಯ ಮುಂದೆ ಕೆಂಪು ಪೆನ್ನು ಹಿಡಿದು ನಿಂತಾಗ ಕೈ ಏಳಲಿಲ್ಲ. ಈ ಕೇಸು ಎರಡನೆಯ ಕೇಸಿನ ಪಕ್ಕದಲ್ಲಿ ಕೂರಬೇಕಾದದ್ದಲ್ಲ. ಮುಳ್ಳು ಇಳಿಯುವುದನ್ನು ನೋಡುತ್ತ ನಿಂತ ಆ ಅರ್ಧ ನಿಮಿಷ ನನ್ನ ಬಾಯಿ ಕಟ್ಟಿದ್ದು ನಾನೇ ಬರೆದ 'ಯಶಸ್ವಿ' ಎಂಬ ಪದ. ತಖ್ತೆ ಕಿತ್ತು ಹೊಸದು ಬರೆದೆ: 'ತೂತಿನಿಂದ', 'ಹೊತ್ತಿಗೆ ತೆರೆದದ್ದು', 'ಹೊತ್ತು ಮೀರಿ ತೆರೆದದ್ದು'. ಕೆಂಪು ಮೂರನೆಯದಕ್ಕೆ ಮಾತ್ರ. ಮುಂದಿನ ತಿಂಗಳು ಸರ್ ಅದನ್ನು ಎರಡು ಸಲ ಓದಿ ಎರಡನೆಯ ಕೇಸಿನ ಕೆಂಪು ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರು.

ಕಾಕಾ ಹತ್ತನೆಯ ದಿನ ಭಾಲ್ಕಿಗೆ ಹೋದರು. ಅಲ್ಲಿ ಹೋದ ಮೇಲೆ ಎಡ ತೊಡೆಸಂದಿಯ ಗಾಯ ಹನ್ನೊಂದು ದಿನ ಸೋರಿತು. ನನ್ನ ಮನೆಯೂ ಭಾಲ್ಕಿಯಲ್ಲೇ ಆದ್ದರಿಂದ ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಅವರ ಮಗಳ ಮನೆಗೆ ಹೋಗಿ ಪಟ್ಟಿ ಬದಲಿಸುತ್ತಿದ್ದೆ. ಸೋಂಕು ನಳಿಗೆ ಮುಟ್ಟಿದರೆ ಎಲ್ಲ ನೀರುಪಾಲು. ಹನ್ನೆರಡನೆಯ ದಿನ ಪಟ್ಟಿ ಒಣಗಿತ್ತು. ದೀಪಾವಳಿ ಮುಗಿದು ಕಾಕು ಕುರಿಗಳ ಜೊತೆ ಹೊರಟ ದಿನ ಕಾಕಾ ಯಾರೊಂದಿಗೂ ಮಾತಾಡಲಿಲ್ಲವಂತೆ. ಮರುದಿನದಿಂದ ಫೋನು ಹಿಡಿದು, ಯಾವ ಹಳ್ಳ ದಾಟಬೇಕು, ಯಾವ ಗೌಡನ ಹೊಲದಲ್ಲಿ ಇಳಿಯಬಾರದು ಎಂದು ಮೈಮರೆತು ಕೂಗತೊಡಗಿದರಂತೆ.

ಡಿಸೆಂಬರಿನಲ್ಲಿ ಅವರು ಬೆಳಿಗ್ಗೆ ಭಾಲ್ಕಿ ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರ್ಮಿನ ಮೇಲೆ ನಡೆಯಲು ಶುರುಮಾಡಿದರು. ನಾನು ಬೀದರ ಗಾಡಿಗೆ ಕಾಯುವ ಹೊತ್ತು ಅದು. ಮೊದಲ ವಾರ ಈ ತುದಿಯಿಂದ ಆ ತುದಿಗೆ ಮೂರು ಸಲ ನಿಂತರು, ಎರಡನೆಯ ವಾರ ಒಂದು ಸಲ. ಕಾಲು ನೋವಿಗಲ್ಲ, ದಣಿವಿಗೆ. ಹೆಬ್ಬೆರಳಿನ ಹುಣ್ಣಿನ ಜಾಗದಲ್ಲಿ ಗುಲಾಬಿ ಚರ್ಮ ಬಂದಿತ್ತು.

"ಬೀಡಿ?" ಎಂದು ದಿನಾ ಕೇಳುತ್ತಿದ್ದೆ.

"ಬಿಟ್ಟೇನಿ. ಅಳಿಯ ಸೇದುವಾಗ ಗಾಳಿ ಬರೋ ಕಡಿ ಕೂಡ್ತೇನಿ, ಅಷ್ಟೇ."

"ಅದೂ ಬ್ಯಾಡ್ರಿ."

"ಮತ್ತ ನೀ ನನಗ ಉಸಿರಾಡಬ್ಯಾಡ ಅಂತಿ ನಾಳಿ."

ಎಳ್ಳಮಾವಾಸ್ಯೆ ಕಳೆದ ಒಂದು ಮಂಗಳವಾರ ಅವರು ಪ್ಲಾಟ್‌ಫಾರ್ಮಿಗೆ ಕಂಬಳಿ, ಕೋಲು, ಬುತ್ತಿ ಗಂಟಿನೊಂದಿಗೆ ಬಂದರು. ಹಿಂದಿನ ಶನಿವಾರವಷ್ಟೇ ಸರ್ ನೋಡಿ ಹೋಗಲು ಒಪ್ಪಿಗೆ ಕೊಟ್ಟಿದ್ದರು. ಮಂದೆ ಉದಗೀರ ದಾಟಿ ಮುಂದೆ ಇಳಿದಿತ್ತು, ಇವರು ಗಾಡಿಯಲ್ಲಿ ಹೋಗಿ ಕೂಡಿಕೊಳ್ಳುವವರಿದ್ದರು. ಚೀಲದಿಂದ ಹೊಸ ಉಣ್ಣೆಯ ದಾರವೊಂದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು.

"ಭಾನುವಾರ ಊರಿಗಿ ಹೋಗಿದ್ದೆ. ಮನಿಯಿಂದ ಡಾಬಕಾ ಬಸ್ ಸ್ಟ್ಯಾಂಡ್ ತನ. ನಿನ್ನ ವಹಿಗಿ ಹಚ್ಕೋ."

ಎಳೆದು ನೋಡಿದೆ. ಎರಡು ಗಂಟು. ನನ್ನ ಮುಖ ಇಳಿದದ್ದು ಅವರಿಗೆ ಕಂಡಿರಬೇಕು.

"ಎಲ್ಲಿ ಹಿಡೀತ್ರಿ? ಎಡಗಾಲೋ ಬಲಗಾಲೋ?"

"ಕಾಲ್ಯಾಕ ಹಿಡೀತದ? ಒಂದು ಚಾ ಕುಡೀಲಾಕ ನಿಂತಿದ್ದು."

"ಇನ್ನೊಂದು?"

"ಬೀಗ ಎದುರು ಬಂದ. ನಿಲ್ಲದೆ ಹೋದ್ರ ಸೊಕ್ಕು ಬಂದದ ಅಂತಾನ ಇಲ್ಲೋ?"

ಉದಗೀರ ಕಡೆಯ ಗಾಡಿ ಬಂತು. ಕೋಲನ್ನು ಮೊದಲು ಒಳಗೆ ತಳ್ಳಿ, ಯಾರ ಕೈಯನ್ನೂ ಹಿಡಿಯದೆ ಎರಡು ಮೆಟ್ಟಿಲು ಹತ್ತಿ ಒಳಗೆ ಹೋದರು. ನಾನು ಬೆಂಚಿನ ಮೇಲೆ ಕೂತು ಡೈರಿ ತೆರೆದು, ದಾರವನ್ನು ಪುಟಕ್ಕೆ ಅಂಟಿಸಿ, ಕೆಳಗೆ ಬರೆದೆ: 'ಮನೆಯಿಂದ ಬಸ್ ಸ್ಟ್ಯಾಂಡ್. ನಿಂತದ್ದು ಎರಡು ಸಲ. ಕಾರಣ: ಚಹಾ ಒಂದು, ಬೀಗರು ಒಂದು. ನೋವು: ಇಲ್ಲ.'